ಕಾಸರಗೋಡಿಗೆ ಮೊದಲು ಪಿಚ್ ಬರಲಿ, ತಂಡ ಆಮೇಲೆ ಬರಲಿ

"ಕಾಸರಗೋಡಿನಲ್ಲಿ ದೊಡ್ಡ ಕ್ರಿಕೆಟ್ ಸ್ಟೇಡಿಯಂ ಕಟ್ಟಿ, ಕೇರಳ ಕ್ರಿಕೆಟ್ ಲೀಗ್‌ಗೆ ಜಿಲ್ಲೆಯದೇ ಒಂದು ತಂಡ ಇಳಿಸಿದರೆ ಹೇಗೆ? ಅಲ್ಲಿನ ಕನ್ನಡದ ಹುಡುಗರಿಗೆ ಅದರಿಂದ ಪ್ರಯೋಜನ ಆದೀತೇ?" ಎಂದು ಕೇಳಿದ್ದೀರಿ.

ನಾನು ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆಯವನು. ಹದಿನೈದು ವರ್ಷ ಕ್ಲಬ್ಬಿಗೆ ಆಡಿದ್ದೇನೆ, ಈಗ ಭಾನುವಾರ ಭಾನುವಾರ ಊರಿನ ಹುಡುಗರಿಗೆ ನೆಟ್ಸ್ ಹಾಕಿಸುತ್ತೇನೆ. ಸ್ಟೇಡಿಯಂ ಬೇಕು, ತಂಡವೂ ಬೇಕು. ಆದರೆ ಅವೆರಡಕ್ಕಿಂತ ಮೊದಲು ನಮಗೆ ಬೇಕಾದದ್ದು ಬಸ್ಸಿನಲ್ಲಿ ಅರ್ಧ ಗಂಟೆಗೆ ಮುಟ್ಟುವ ಒಂದು ಮಣ್ಣಿನ ಪಿಚ್.

ತಂಡದ ವಿಷಯ ಮೊದಲು ಮುಗಿಸುತ್ತೇನೆ. ಕೇರಳ ಕ್ರಿಕೆಟ್ ಲೀಗ್ ಶುರುವಾದದ್ದು 2024ರ ಸೆಪ್ಟೆಂಬರ್‌ನಲ್ಲಿ, ಆರು ತಂಡಗಳಿಂದ: ತಿರುವನಂತಪುರ, ಕೊಲ್ಲಂ, ಆಲಪ್ಪುಳ, ಕೊಚ್ಚಿ, ತೃಶ್ಶೂರು, ಕಲ್ಲಿಕೋಟೆ. ಕಲ್ಲಿಕೋಟೆಯಿಂದ ಮೇಲಕ್ಕೆ ಒಂದೂ ಇಲ್ಲ. ಆ ಬೇಸರ ನಮಗೂ ಇದೆ. ಆದರೆ 2024ರಲ್ಲೂ 2025ರಲ್ಲೂ ಅಷ್ಟೂ ಪಂದ್ಯ ನಡೆದದ್ದು ತಿರುವನಂತಪುರದ ಕಾರ್ಯವಟ್ಟಂ ಗ್ರೀನ್‌ಫೀಲ್ಡ್ ಸ್ಟೇಡಿಯಂ ಒಂದರಲ್ಲೇ. ಮೊದಲ ವರ್ಷ ಕೊಲ್ಲಂ ಗೆದ್ದಿತು, ಎರಡನೆಯ ವರ್ಷ ಕೊಚ್ಚಿ ಗೆದ್ದಿತು, ಕಪ್ ಎತ್ತಿದ್ದು ಎರಡು ಸಲವೂ ಅಲ್ಲೇ. ನಮಗೆ ತಂಡ ಸಿಕ್ಕಿತೆಂದೇ ಇಟ್ಟುಕೊಳ್ಳಿ, ನಮ್ಮ ಜನ ಅದನ್ನು ನೋಡಬೇಕಾದರೆ ಸಂಜೆ ಮಾವೇಲಿ ಎಕ್ಸ್‌ಪ್ರೆಸ್ ರೈಲು ಹತ್ತಿ ರಾತ್ರಿಯಿಡೀ ಪ್ರಯಾಣ ಮಾಡಬೇಕು. ಸುಮಾರು 570 ಕಿಲೋಮೀಟರ್. ಇನ್ನು ಹೆಚ್ಚಿನ ಆಟಗಾರರು ಬರುವುದು ಹರಾಜಿನಲ್ಲಿ, ಊರು ನೋಡಿ ಅಲ್ಲ. ನಮ್ಮ ಕಾಸರಗೋಡಿನ ತಳಂಗರೆಯವನಾದ ಕೇರಳದ ಆಟಗಾರ ಮೊಹಮ್ಮದ್ ಅಝರುದ್ದೀನ್ ಆ ಎರಡೂ ವರ್ಷ ಆಡಿದ್ದು ಆಲಪ್ಪುಳದ ತಂಡ ಆಲೆಪ್ಪಿ ರಿಪಲ್ಸ್‌ಗೆ, ಅದರ ನಾಯಕನಾಗಿ.

ಗಡಿಯ ಆಚೆ ಕರ್ನಾಟಕದಲ್ಲೂ ಇದೇ ಕಥೆ. ಮಂಗಳೂರು ಡ್ರ್ಯಾಗನ್ಸ್ 2025ರಲ್ಲಿ ಅಲ್ಲಿನ ಟಿ20 ಲೀಗ್ ಮಹಾರಾಜ ಟ್ರೋಫಿ ಗೆದ್ದಾಗ ನಮ್ಮ ಮಂಜೇಶ್ವರ, ಉಪ್ಪಳದಲ್ಲೂ ಖುಷಿಪಟ್ಟವರು ಬೇಕಾದಷ್ಟು ಜನ. ಪಂದ್ಯಗಳೆಲ್ಲ ನಡೆದದ್ದು ಮೈಸೂರಿನಲ್ಲಿ. ಕೊಚ್ಚಿಯ ಐಪಿಎಲ್ ತಂಡ ಟಸ್ಕರ್ಸ್ ನೆನಪಿದೆಯಲ್ಲ? 2011ರಲ್ಲಿ ಒಂದೇ ವರ್ಷ ಆಡಿತು, ಅದೇ ವರ್ಷ ಬಿಸಿಸಿಐ ರದ್ದು ಮಾಡಿತು. ತಂಡ ಎಂಬುದು ಹಾಗೆ ಬಂದು ಹೀಗೆ ಹೋಗಿಬಿಡಬಹುದು.

ಈಗ ಮೈದಾನದ ವಿಷಯ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಹೊರಗಿನವರಿಗೆ ಗೊತ್ತಿರದ ಸಂಗತಿ ಇದೇ.

ನಮ್ಮ ಪದವುಗಳು, ಅಂದರೆ ಗುಡ್ಡದ ಮೇಲಿನ ಬಯಲುಗಳು, ಬರೀ ಮುರಕಲ್ಲು. ಮೇಲೆ ಎರಡು ಬೆರಳು ಮಣ್ಣು, ಅದರ ಕೆಳಗೆ ಬಂಡೆಯಂಥ ಕೆಂಪು ಕಲ್ಲು. ಮಳೆ ನಿಂತು ತಿಂಗಳಾದರೆ ಸಾಕು, ಹುಲ್ಲು ಒಣಗಿ ನೆಲ ಉಪ್ಪುಕಾಗದದ ಹಾಗೆ ಆಗುತ್ತದೆ. ಹೊಸ ಲೆದರ್ ಬಾಲ್ ಇಂಥ ನೆಲದಲ್ಲಿ ಎಂಟು ಓವರ್ ತಾಳುವುದಿಲ್ಲ. ಮೊದಲು ಹೊಳಪು ಹೋಗುತ್ತದೆ, ಆಮೇಲೆ ಒಂದು ಬದಿಯ ತೊಗಲು ಎದ್ದು ಇಲಿ ಕಚ್ಚಿದ ಹಾಗೆ ಕಾಣುತ್ತದೆ, ಹೊಲಿಗೆಯ ಬಿಳಿ ನೂಲು ಕೆಂಪಾಗುತ್ತದೆ. ಡೈವ್ ಹೊಡೆಯಲು ಯಾವ ಹುಡುಗನಿಗೂ ನಾನು ಹೇಳುವುದಿಲ್ಲ. ಹೊಡೆದವನ ಮೊಣಕೈ ಸಿಪ್ಪೆ ಎದ್ದು ಬರುತ್ತದೆ. ಹಾಗಾಗಿ ನಮ್ಮ ಕಡೆ ಟೆನ್ನಿಸ್ ಬಾಲ್, ನಾಲ್ಕು ಓವರಿನ ಮ್ಯಾಚ್, ಹೊನಲು ಬೆಳಕಿನ ಅಂಡರ್ ಆರ್ಮ್ ಟೂರ್ನಮೆಂಟ್ ಬೆಳೆದದ್ದು. ಯುವಕ ಮಂಡಲದವರು ಊರಿನವರಿಂದ ಹಣ ಎತ್ತಿ, ಕಂಬ ನೆಟ್ಟು, ಬೆಳಗ್ಗಿನ ಜಾವದವರೆಗೆ ಆಡಿಸುತ್ತಾರೆ. ಆ ಆಟದ ಮೇಲೆ ನನಗೆ ಅಪಾರ ಪ್ರೀತಿ. ಒಂದೇ ಜೋಡಿ ಓಡುವಾಗ ಒಬ್ಬ ತುಳುವಿನಲ್ಲಿ "ಬಲ" ಅನ್ನುತ್ತಾನೆ, ಇನ್ನೊಬ್ಬ ಮಲಯಾಳದಲ್ಲಿ "ವಾ" ಅನ್ನುತ್ತಾನೆ, ಬೌಂಡರಿಯಲ್ಲಿ ನಿಂತವರು ಕನ್ನಡದಲ್ಲಿ "ಬಾ ಬಾ" ಎಂದು ಕೂಗುತ್ತಾರೆ. ಇಷ್ಟು ಚಂದದ ಸದ್ದು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಆದರೆ ಜಿಲ್ಲಾ ತಂಡಕ್ಕೆ ಆಯ್ಕೆ ನಡೆಯುವುದು ಲೆದರ್ ಬಾಲಿನಲ್ಲಿ, ಮಣ್ಣಿನ ಪಿಚ್ಚಿನಲ್ಲಿ. ನಾವು ಅಭ್ಯಾಸ ಮಾಡುವುದು ಸಿಮೆಂಟಿನ ಮೇಲೆ ಹಾಸಿದ ನಾರಿನ ಮ್ಯಾಟಿನ ಮೇಲೆ. ಮ್ಯಾಟಿನಲ್ಲಿ ಚೆಂಡು ಪ್ರತಿ ಸಲವೂ ಸೊಂಟದ ಎತ್ತರಕ್ಕೆ ಏಳುತ್ತದೆ. ಹುಡುಗ ಹಿಂದೆ ಸರಿದು ಹೊಡೆಯುವುದನ್ನು ಕಲಿಯುತ್ತಾನೆ. ಮಣ್ಣಿನ ಪಿಚ್ಚಿನಲ್ಲಿ ಅದೇ ಚೆಂಡು ಮೊಣಕಾಲಿನ ಕೆಳಗೆ ಬಂದರೆ ಎಲ್‌ಬಿಡಬ್ಲ್ಯೂ.

ಕೆಲವು ವರ್ಷಗಳ ಹಿಂದೆ ನಮ್ಮ ಒಬ್ಬ ವೇಗದ ಬೌಲರನ್ನು ಒಂದು ಟ್ರಯಲ್ಸ್‌ಗೆ ಕರೆದುಕೊಂಡು ಹೋದೆ. ಆಗ ಅವನಿಗೆ ಹದಿಮೂರು ವರ್ಷ, ನಿಜಕ್ಕೂ ವೇಗ ಇದ್ದ ಹುಡುಗ. ಸ್ಪೈಕ್ಸ್ ಬೂಟು ಕಡ ತಂದು ಕೊಟ್ಟಿದ್ದೆ. ಅವನು ಅದನ್ನು ಹಾಕಿದ್ದೇ ಅವತ್ತು ಮೊದಲು. ಸಿಮೆಂಟಿನಲ್ಲಿ ಸ್ಪೈಕ್ಸ್ ಹಾಕಿದರೆ ಜಾರುತ್ತದೆ, ಮ್ಯಾಟಿನಲ್ಲಿ ಹಾಕಿದರೆ ಮ್ಯಾಟು ಹರಿಯುತ್ತದೆ, ಹಾಗಾಗಿ ಮೊದಲೇ ಅಭ್ಯಾಸ ಮಾಡಿಸಲು ನನ್ನ ಹತ್ತಿರ ಜಾಗವೇ ಇರಲಿಲ್ಲ. ಓಡಿ ಬಂದವನ ಕಾಲು ಮಣ್ಣಿನಲ್ಲಿ ಕಚ್ಚಿಕೊಂಡಿತು. ಮೊದಲ ಆರು ಚೆಂಡಿನಲ್ಲಿ ಮೂರು ನೋಬಾಲ್. ಅಲ್ಲಿದ್ದವರು ಮಲಯಾಳದಲ್ಲಿ ಏನೋ ಕೇಳಿದರು, ಅವನಿಗೆ ಅರ್ಥವಾಯಿತು, ಉತ್ತರ ಬಾಯಿಗೆ ಬಂದದ್ದು ತುಳುವಿನಲ್ಲಿ. ಎಂಟು ನಿಮಿಷದಲ್ಲಿ ಮುಗಿಯಿತು. ಹಿಂದೆ ಬರುವಾಗ ಬಸ್ಸಿನಲ್ಲಿ ಅವನು ಬೂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಮೊಳೆಗಳ ನಡುವಿನ ಮಣ್ಣನ್ನು ಕಡ್ಡಿಯಿಂದ ತೆಗೆಯುತ್ತಾ ಕೂತಿದ್ದ. "ಶುದ್ಧ ಮಾಡಿ ಕೊಡಬೇಕಲ್ಲ ಸರ್" ಅಂದ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಹುಡುಗನಲ್ಲಿ ಕೊರತೆ ಇರಲಿಲ್ಲ. ಬದಿಯಡ್ಕದ ಹತ್ತಿರ ಮಾನ್ಯದಲ್ಲಿ ಕೇರಳ ಕ್ರಿಕೆಟ್ ಅಸೋಸಿಯೇಶನ್ನಿನ (ಕೆಸಿಎ) ಮೈದಾನ ಇದೆ ನಿಜ. ಆದರೆ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಉದ್ದಕ್ಕೆ ಹಬ್ಬಿದ ಜಿಲ್ಲೆಗೆ ಅದೊಂದು ಸಾಕಾಗುವುದಿಲ್ಲ. ಶಾಲೆ ಬಿಟ್ಟ ಮೇಲೆ ಎರಡು ಬಸ್ ಬದಲಾಯಿಸಿ ಹೋಗಿ ಕತ್ತಲೆಯ ಮೊದಲು ಮನೆ ಮುಟ್ಟುವುದು ಪೈವಳಿಕೆಯ ಮಗುವಿಗೆ ಆಗುವ ಮಾತಲ್ಲ. ನಮ್ಮ ಕಡೆ "ಟರ್ಫ್" ಅಂದರೆ ಪ್ಲಾಸ್ಟಿಕ್ ಹುಲ್ಲಿನ ಫುಟ್‌ಬಾಲ್ ಅಂಕಣ. ಅಂಥವು ಬೇಕಾದಷ್ಟಿವೆ, ಕ್ರಿಕೆಟಿಗೆ ಅವುಗಳಿಂದ ಪ್ರಯೋಜನವಿಲ್ಲ.

ಹತ್ತಿರದಲ್ಲಿ ಮೈದಾನ ಇದ್ದರೆ ಏನಾಗುತ್ತದೆ ಎಂಬುದಕ್ಕೆ ವಯನಾಡನ್ನು ನೋಡಿ. ಗುಡ್ಡಗಾಡು ಜಿಲ್ಲೆ, ರೈಲೇ ಇಲ್ಲ. ಅಲ್ಲಿ ಮೀನಂಗಾಡಿಯ ಹತ್ತಿರ ಕೃಷ್ಣಗಿರಿಯಲ್ಲಿ ಒಂದು ಸ್ಟೇಡಿಯಂ ಮಾಡಿದರು. ಕೇರಳ ಮೊದಲ ಬಾರಿ ರಣಜಿ ಸೆಮಿಫೈನಲ್ ತಲುಪಿದ್ದು ಅಲ್ಲೇ ಗುಜರಾತನ್ನು ಸೋಲಿಸಿ, 2019ರ ಜನವರಿಯಲ್ಲಿ. ಸೆಮಿಫೈನಲ್ ಕೂಡ ಅಲ್ಲೇ ನಡೆಯಿತು. ವಿದರ್ಭದೆದುರು ಇನಿಂಗ್ಸ್ ಸೋಲಾಯಿತು, ಅದು ಬೇರೆ. ಅದೇ ಪುಟ್ಟ ಜಿಲ್ಲೆಯ ಮಿನ್ನು ಮಣಿ 2023ರಲ್ಲಿ ಭಾರತಕ್ಕೆ ಆಡಿದರು, ತಮ್ಮ ಮೊದಲ ಓವರಿನಲ್ಲೇ ವಿಕೆಟ್ ತೆಗೆದರು. ಭಾರತಕ್ಕೆ ಆಡಿದ ಸಜನಾ ಸಜೀವನ್ ಕೂಡ ಅಲ್ಲಿಯವರೇ. ವಯನಾಡಿನ ಹೆಸರಿನಲ್ಲಿ ಲೀಗ್ ತಂಡ ಇಲ್ಲ. ಇವರಿಬ್ಬರೂ ಭಾರತದ ಜೆರ್ಸಿ ಹಾಕಲು ಅದು ಬೇಕಾಗಲೂ ಇಲ್ಲ.

ಹಾಗಾಗಿ ಐವತ್ತು ಸಾವಿರ ಸೀಟಿನ ಕನಸನ್ನು ನಾನು ಒಪ್ಪುವುದಿಲ್ಲ. ಗ್ರೀನ್‌ಫೀಲ್ಡಿನಲ್ಲೇ 2023ರ ಜನವರಿಯಲ್ಲಿ ಭಾರತ ಶ್ರೀಲಂಕಾವನ್ನು 317 ರನ್ನುಗಳಿಂದ ಸೋಲಿಸಿದಾಗ, ಕೊಹ್ಲಿ 166 ಹೊಡೆದಾಗ, ಗ್ಯಾಲರಿ ಬಹುಪಾಲು ಖಾಲಿ ಇತ್ತು. ಕೊಚ್ಚಿಯ ಹತ್ತಿರ ಚೆಂಗಮನಾಡಿನಲ್ಲಿ ಕೆಸಿಎ ಹೊಸ ಸ್ಟೇಡಿಯಂ ಯೋಜಿಸಿದೆ. ಅಂತಾರಾಷ್ಟ್ರೀಯ ಪಂದ್ಯಕ್ಕೆ ವಿಮಾನ ನಿಲ್ದಾಣದ ಬದಿ ಸರಿಯಾದ ಜಾಗ. ನಮಗೆ ಸಾಲುವುದು ರಣಜಿ ಆಡಿಸುವಷ್ಟರ ಮೈದಾನ. ಒಂದು ಸಣ್ಣ ಪೆವಿಲಿಯನ್, ಮಿಕ್ಕ ಕಡೆ ಹುಲ್ಲಿನ ದಿಬ್ಬ. ಹಣವೆಲ್ಲ ನೆಲಕ್ಕೆ ಹೋಗಲಿ. ಮುರಕಲ್ಲನ್ನು ಕೊರೆದು ತೆಗೆದು, ಜಲ್ಲಿ ಹಾಕಿ, ಮರಳು ಹಾಕಿ, ಹೊರಗಿನಿಂದ ಜೇಡಿಮಣ್ಣು ತಂದು ಕೂರಿಸಬೇಕು. ಜೂನ್‌ನಿಂದ ನಾಲ್ಕು ತಿಂಗಳು ಇಲ್ಲಿ ಸುರಿಯುವ ಮಳೆಗೆ ಚರಂಡಿ ಸರಿ ಇಲ್ಲದಿದ್ದರೆ ಒಂದೇ ವರ್ಷದಲ್ಲಿ ಪಿಚ್ ಗದ್ದೆಯಾಗುತ್ತದೆ. ಮಳೆಗಾಲಕ್ಕೆ ಛಾವಣಿಯ ಕೆಳಗೆ ನಾಲ್ಕು ನೆಟ್ಸ್ ಬೇಕೇ ಬೇಕು.

ಹೆಸರಿನ ಹಂಬಲ ನನಗೆ ಅರ್ಥವಾಗುತ್ತದೆ. 1990ರಿಂದ 2008ರವರೆಗೆ ನಮ್ಮ ಕುಂಬಳೆ ಎಂಬ ಊರಿನ ಹೆಸರು ಜಗತ್ತಿನ ಎಲ್ಲ ಸ್ಕೋರ್‌ಬೋರ್ಡಿನಲ್ಲಿ ಇತ್ತು, 619 ಟೆಸ್ಟ್ ವಿಕೆಟ್ಟುಗಳ ಎದುರು. ಮನೆತನದ ಬೇರು ಇಲ್ಲಿಯದು. ಅನಿಲ್ ಕುಂಬ್ಳೆ ಹುಟ್ಟಿ ಆಟ ಕಲಿತದ್ದು ಬೆಂಗಳೂರಿನಲ್ಲಿ, ಅಲ್ಲಿ ಮೈದಾನ ಇತ್ತು.

2025ರ ಫೆಬ್ರವರಿ 21ರಂದು ನಾನು ಅಡಿಕೆ ಅಂಗಳದಲ್ಲಿದ್ದೆ. ಅಹಮದಾಬಾದಿನ ರಣಜಿ ಸೆಮಿಫೈನಲ್, ಅಝರುದ್ದೀನ್ ಔಟಾಗದೆ 177 ಹೊಡೆದು ಕೇರಳ 457 ಮಾಡಿತ್ತು. ಗುಜರಾತಿನ ಕೊನೆಯ ಜೋಡಿ 455ಕ್ಕೆ ಬಂದಿತ್ತು. ಹೊಡೆದ ಚೆಂಡು ಶಾರ್ಟ್ ಲೆಗ್‌ನಲ್ಲಿದ್ದ ಸಲ್ಮಾನ್ ನಿಝಾರ್ ಅವರ ಹೆಲ್ಮೆಟ್ಟಿಗೆ ಬಡಿದು ಎದ್ದು ಸ್ಲಿಪ್ಪಿನಲ್ಲಿದ್ದ ಸಚಿನ್ ಬೇಬಿ ಕೈಗೆ ಬಂತು. ಮೊದಲ ಇನಿಂಗ್ಸಿನಲ್ಲಿ ಎರಡೇ ರನ್ನಿನ ಮುನ್ನಡೆ, ಪಂದ್ಯ ಡ್ರಾ ಆದರೂ ಅದೇ ಸಾಕಾಗಿ ಕೇರಳಕ್ಕೆ ಮೊದಲ ಫೈನಲ್. ಅಡಿಕೆ ಸುಲಿಯುತ್ತಿದ್ದವರೆಲ್ಲ ಕತ್ತಿ ಬಿಟ್ಟು ಎದ್ದು ನಿಂತರು. ಅಲ್ಲಿ ಮಲಯಾಳ ಮನೆಮಾತಿನವರು ಒಬ್ಬರೂ ಇರಲಿಲ್ಲ. "ನಮ್ಮ ತಳಂಗರೆಯ ಹುಡುಗ" ಎಂದೇ ಎಲ್ಲರೂ ಹೇಳಿದ್ದು.

ಕನ್ನಡದ ಹುಡುಗರಿಗೆ ಪ್ರಯೋಜನ ಆದೀತೇ ಅಂದಿರಿ. ಆಗುತ್ತದೆ, ಒಂದು ಸಣ್ಣ ಕೆಲಸ ಕೂಡಿದರೆ: ಟ್ರಯಲ್ಸ್ ಯಾವಾಗ, ಎಲ್ಲಿ, ಯಾವ ದಾಖಲೆ ತರಬೇಕು ಎಂಬ ಸೂಚನೆ ಕನ್ನಡದಲ್ಲೂ ನಮ್ಮ ಶಾಲೆಗಳಿಗೆ ಬರಬೇಕು. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮನಿಗೆ ಮಲಯಾಳ ಮಾತು ತಿಳಿಯುತ್ತದೆ, ಓದಲು ಬರುವುದಿಲ್ಲ. ನಾವು ನಾಲ್ಕು ಕ್ಲಬ್ಬಿನವರು ಸೇರಿ ಇದೇ ಎರಡನ್ನು ಕೇಳಿ ಒಂದು ಪುಟದ ಮನವಿ ಬರೆದಿದ್ದೇವೆ, ಪಿಚ್ ಮತ್ತು ಕನ್ನಡದ ಸೂಚನೆ. ಸಹಿ ಸಂಗ್ರಹ ನಡೆಯುತ್ತಿದೆ. ಅವತ್ತು ಬೂಟು ಶುದ್ಧ ಮಾಡಿ ಕೊಟ್ಟ ಹುಡುಗನಿಗೆ ಈಗ ಹದಿನೇಳು. ಸ್ವಂತ ಸ್ಪೈಕ್ಸ್ ತೆಗೆದುಕೊಂಡಿದ್ದಾನೆ. ಪ್ರತಿ ಭಾನುವಾರ ಚೀಲದಲ್ಲಿ ತರುತ್ತಾನೆ, ಮ್ಯಾಟ್ ಹರಿಯುತ್ತದೆಂದು ರಬ್ಬರ್ ಬೂಟಿನಲ್ಲೇ ಬೌಲ್ ಮಾಡುತ್ತಾನೆ.