ಯುಗಾದಿಯಿಂದ ಹತ್ತು ದಿನ ಬರೀ ಹಸಿ ಆಹಾರ ತಿಂದರೆ ದೇಹ ಶುದ್ಧಿಯಾಗುತ್ತದೆಯೇ?

ಬೆಂಗಳೂರಿನ ಪಿಜಿಯಲ್ಲಿದ್ದೀರಿ, ಕೋಣೆಯಲ್ಲಿ ಒಲೆಯಿಲ್ಲ, ಕೂತು ಮಾಡುವ ಕೆಲಸ, ಹೊಟ್ಟೆ ಸದಾ ಭಾರ. ಯುಗಾದಿಯಿಂದ ಹತ್ತು ದಿನ ಹಣ್ಣು, ಹಸಿ ತರಕಾರಿ ಮತ್ತು ತರಕಾರಿ ರಸ ಮಾತ್ರ ತೆಗೆದುಕೊಂಡು ಒಳಗಿನ ವಿಷವನ್ನೆಲ್ಲ ಹೊರಹಾಕಬೇಕೆಂದಿದ್ದೀರಿ. ಯಾರಾದರೂ ಮಾಡಿ ನೋಡಿದ್ದೀರಾ ಎಂದು ಕೇಳಿದ್ದೀರಿ. ನಾನು ಮಾಡಿದ್ದೇನೆ. ಹತ್ತು ದಿನವೆಂದು ಶುರು ಮಾಡಿ, ನಾಲ್ಕನೆಯ ದಿನ ಆಸ್ಪತ್ರೆಯ ಮಂಚದ ಮೇಲೆ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದೆ.

ಹೆದರಿಸಲು ಬರೆಯುತ್ತಿಲ್ಲ. ಹಸಿ ಪದಾರ್ಥವನ್ನು ಈಗಲೂ ದಿನವೂ ತಿನ್ನುತ್ತೇನೆ, ಆಗಿಗಿಂತ ಹೆಚ್ಚು ಇಷ್ಟಪಟ್ಟು ತಿನ್ನುತ್ತೇನೆ. ತಪ್ಪಿದ್ದು ಎಲ್ಲಿ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಆರು ವರ್ಷದ ಹಿಂದಿನ ಬೇಸಿಗೆ. ಮೈಸೂರಿನ ನಮ್ಮ ಮನೆಯಲ್ಲಿ ಹೊಸದಾಗಿ ರಸ ತೆಗೆಯುವ ಯಂತ್ರ ಬಂದಿತ್ತು. ಮೊದಲ ದಿನ ಉತ್ಸಾಹ. ಎರಡನೆಯ ದಿನ ತಲೆನೋವು. ಮೊಬೈಲಿನಲ್ಲಿ ನೋಡಿದರೆ ‘ವಿಷ ಹೊರಬರುತ್ತಿರುವ ಲಕ್ಷಣ’ ಎಂದಿತ್ತು. ದಿನಕ್ಕೆ ಮೂರು ಲೋಟ ಕಾಫಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ತಲೆ ನೋಯದೆ ಇನ್ನೇನು ಆಗುತ್ತದೆ ಎಂದು ಆಗ ಹೊಳೆಯಲಿಲ್ಲ. ಮೂರನೆಯ ದಿನ ತೂಕ ಒಂದೂವರೆ ಕಿಲೋ ಇಳಿದಿತ್ತು, ಬಹಳ ಹಿಗ್ಗಿದೆ. ಅದು ಕೊಬ್ಬಲ್ಲ. ಮೈಯಲ್ಲಿ ಶೇಖರವಾಗಿರುವ ಗ್ಲೈಕೋಜೆನ್ ಎಂಬ ಪಿಷ್ಟ ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಮ್ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ ನಿಂತರೆ ಗ್ಲೈಕೋಜೆನ್ ಕರಗಿ ನೀರು ಹೋಗುತ್ತದೆ. ಊಟ ಶುರುವಾದರೆ ವಾಪಸ್ಸು ಬರುತ್ತದೆ.

ನಾಲ್ಕನೆಯ ದಿನ ಬೆಳಿಗ್ಗೆ ಸೋರೆಕಾಯಿ ರಸ. ಬಾಯಿಗಿಟ್ಟರೆ ಕಹಿ. ನಮ್ಮ ಬುದ್ಧಿ ಹೇಗೆ ಓಡುತ್ತದೆ ನೋಡಿ: ಕಹಿ ಎಂದರೆ ಔಷಧಿ, ಹೆಚ್ಚು ಕಹಿ ಎಂದರೆ ಹೆಚ್ಚು ಔಷಧಿ. ಮೂಗು ಮುಚ್ಚಿಕೊಂಡು ಅರ್ಧ ಲೋಟ ಕುಡಿದೆ. ಅರ್ಧ ಗಂಟೆಯೊಳಗೆ ಹೊಟ್ಟೆ ಹಿಂಡಿ ವಾಂತಿ, ಭೇದಿ, ಕಣ್ಣು ಕತ್ತಲೆ. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, ‘ಕಾಯಿ ಕಹಿ ಇತ್ತೇ?’

ಸೋರೆ, ಸೌತೆ, ಕುಂಬಳದ ಜಾತಿಯ ಬಳ್ಳಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷವಿರುತ್ತದೆ. ಸಾಮಾನ್ಯವಾಗಿ ತೀರ ಕಡಿಮೆ, ಒಮ್ಮೊಮ್ಮೆ ಒಂದು ಕಾಯಿಯಲ್ಲಿ ವಿಪರೀತ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿ ಸೋರೆಕಾಯಿ ರಸ ಕುಡಿದು ತೀರಿಕೊಂಡ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಮಾಡಿತು. ಅವರು ಹೇಳಿದ್ದು ಸರಳ: ಒಂದು ಚೂರು ಕತ್ತರಿಸಿ ನಾಲಿಗೆಗಿಟ್ಟು ನೋಡಿ, ಕಹಿ ಇದ್ದರೆ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ. ಈ ವಿಷಕ್ಕೆ ಪ್ರತ್ಯೇಕ ಮದ್ದಿಲ್ಲ.

ಸಾಗರದ ಹತ್ತಿರದ ಹಳ್ಳಿಯಲ್ಲಿ ನಮ್ಮ ಅಜ್ಜಿ ಸೌತೆಕಾಯಿ ಹೆಚ್ಚುವ ಮೊದಲು ಮಾಡುತ್ತಿದ್ದದ್ದೂ ಇದನ್ನೇ. ತೊಟ್ಟಿನ ತುದಿ ಕತ್ತರಿಸಿ, ಕೊಯ್ದ ಜಾಗಕ್ಕೆ ಗರಗರ ತಿಕ್ಕಿ, ನೊರೆ ಒರೆಸಿ, ಒಂದು ಹೋಳು ತಾನು ತಿಂದು ನೋಡಿ ಆಮೇಲೆ ನಮಗೆ ಕೊಡುತ್ತಿದ್ದಳು. ತಿಕ್ಕಿದರೆ ಕಹಿ ಹೋಗುತ್ತದೋ ಇಲ್ಲವೋ, ತಿಂದು ನೋಡುವುದಂತೂ ಸಮಿತಿಯ ಸಲಹೆಯೇ. ರಸ ಮಾಡಿದರೆ ಈ ಕಾವಲು ತಪ್ಪಿಹೋಗುತ್ತದೆ. ಒಂದು ಕಾಯಿಯ ಕಹಿಯನ್ನು ಕ್ಯಾರೆಟ್ಟು, ಸೇಬು ಮುಚ್ಚಿಹಾಕುತ್ತವೆ. ಪ್ರಮಾಣವೂ ಕೈಮೀರುತ್ತದೆ. ಅರ್ಧ ಕಿಲೋ ಸೋರೆಕಾಯಿಯನ್ನು ಅಗಿದು ತಿನ್ನಲು ಯಾರಿಂದಲೂ ಆಗದು, ಕುಡಿಯಲು ಎರಡು ನಿಮಿಷ ಸಾಕು. ಕರಾವಳಿಯಲ್ಲಿ ಮೀನಿನ ಸಾರಿಗೆ, ಉಪ್ಪಿನಕಾಯಿಗೆ ಬಳಸುವ ಬಿಂಬುಳಿ ಎಂಬ ಹುಳಿಕಾಯಿ ಯಾರಿಗೂ ತೊಂದರೆ ಕೊಟ್ಟದ್ದಲ್ಲ. ಅದನ್ನೇ ಕೊಲೆಸ್ಟ್ರಾಲ್ ಇಳಿಯಲಿ ಎಂದು ರಸ ಹಿಂಡಿ ಕುಡಿದವರಿಗೆ ಮೂತ್ರಪಿಂಡ ಕೈಕೊಟ್ಟದ್ದನ್ನು 2013ರಲ್ಲಿ ಕೇರಳದ ವೈದ್ಯರು ವರದಿ ಮಾಡಿದರು. ಕಾರಣ ಅದರಲ್ಲಿ ತುಂಬಿರುವ, ಮೂತ್ರಪಿಂಡದಲ್ಲಿ ಹರಳುಗಟ್ಟುವ ಆಕ್ಸಲೇಟ್ ಎಂಬ ಅಂಶ. ಪಾಲಕ್ ಸೊಪ್ಪಿನ ರಸವನ್ನು ದಿನವೂ ಲೋಟಗಟ್ಟಲೆ ಕುಡಿಯುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನು ಶುದ್ಧಿ. ಯಕೃತ್ತು ಮತ್ತು ಮೂತ್ರಪಿಂಡ ಈ ಕೆಲಸವನ್ನು ಹಗಲೂ ರಾತ್ರಿ ಮಾಡುತ್ತಿರುತ್ತವೆ, ವರ್ಷಕ್ಕೆ ಹತ್ತು ದಿನ ಮಾಡಿ ಉಳಿದ ದಿನ ಸುಮ್ಮನಿರುವುದಿಲ್ಲ. ರಸ ಮಾರುವವರನ್ನು ‘ಯಾವ ವಿಷ ಹೊರಹೋಗುತ್ತದೆ, ಹೆಸರು ಹೇಳಿ’ ಎಂದು ಕೇಳಿ ನೋಡಿ. ನಮ್ಮಲ್ಲೂ ಹೊಟ್ಟೆ ತೊಳೆಯುವ ಪದ್ಧತಿಗಳಿದ್ದವು, ಇಲ್ಲವೆನ್ನುವುದಿಲ್ಲ. ಬೇಸಿಗೆ ರಜೆಯಲ್ಲಿ ಒಂದು ಬೆಳಿಗ್ಗೆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಹರಳೆಣ್ಣೆ ಕುಡಿಸುವುದು ನಮ್ಮ ಮನೆಯ ವಾರ್ಷಿಕ ಯಾತನೆ. ಆ ವಾಸನೆ ಈಗಲೂ ಮೂಗಿನಲ್ಲಿದೆ. ಅದರ ಉದ್ದೇಶ ಜಂತುಹುಳು, ಮೈಯ ವಿಷವಲ್ಲ. ಈಗ ಶಾಲೆಯಲ್ಲಿ ಕೊಡುವ ಒಂದು ಮಾತ್ರೆ ಆ ಕೆಲಸ ಮಾಡುತ್ತದೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಆದರೆ ಅದು ವರ್ಷಕ್ಕೊಂದು ದಿನ, ಬೊಗಸೆಯಷ್ಟು, ಮರದ ಗುರುತು ಬಲ್ಲವರು ತಂದದ್ದು, ಮೇಲೆ ತಂಪಿಗೆ ಮೆಂತೆ ಗಂಜಿ. ಹತ್ತು ದಿನ ಉಪವಾಸ ಬೀಳಿ ಎಂದು ಯಾವ ಅಜ್ಜಿಯೂ ಹೇಳಲಿಲ್ಲ.

ಆಯುರ್ವೇದದ ಹೆಸರಿನಲ್ಲಿ ಈ ಹತ್ತು ದಿನದ ಯೋಜನೆಗಳು ಓಡಾಡುತ್ತಿರುವುದರಿಂದ ಒಂದು ಮಾತು. ಪ್ರಾಚೀನ ವೈದ್ಯ ವಾಗ್ಭಟನ ಅಷ್ಟಾಂಗ ಹೃದಯ ಎಂಬ ಗ್ರಂಥದಲ್ಲಿ ಋತುಚರ್ಯೆಗೇ, ಅಂದರೆ ಋತುವಿಗೆ ತಕ್ಕ ಊಟ ಮತ್ತು ನಡವಳಿಕೆಗೇ, ಒಂದು ಅಧ್ಯಾಯವಿದೆ. ಒಂದು ಋತುವಿನ ಕೊನೆಯ ಏಳು ದಿನ, ಮುಂದಿನದರ ಮೊದಲ ಏಳು ದಿನ ಸೇರಿದರೆ ಋತುಸಂಧಿ. ಆಗ ಹಳೆಯ ಅಭ್ಯಾಸವನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತ, ಹೊಸದನ್ನು ಸ್ವಲ್ಪಸ್ವಲ್ಪವಾಗಿ ಹಿಡಿಯಬೇಕು. ಒಮ್ಮೆಲೇ ಬಿಟ್ಟು ಒಮ್ಮೆಲೇ ಹಿಡಿದರೆ ರೋಗ ಬರುತ್ತದೆ ಎನ್ನುತ್ತದೆ ಅದು. ನಾವಿಬ್ಬರೂ ಹೊರಟದ್ದು ಇದರ ತದ್ವಿರುದ್ಧ ದಿಕ್ಕಿಗೆ. ಗಾಂಧೀಜಿ ಕೂಡ 1929ರಲ್ಲಿ ಮೊಳಕೆ ಬಂದ ಗೋಧಿ, ಕಡಲೆ, ಹಸಿ ಸೊಪ್ಪು, ನಿಂಬೆ ಎಂದು ಬೇಯಿಸದ ಆಹಾರದ ಪ್ರಯೋಗ ನಡೆಸಿ ತಮ್ಮ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಬರೆದಿದ್ದರು. ಕೆಲವು ತಿಂಗಳಲ್ಲಿ ಆಮಶಂಕೆ ತಗುಲಿ ನಿಲ್ಲಿಸಬೇಕಾಯಿತು. ಅಂಥ ಹಟವಾದಿಗೇ ಆಗದ್ದು.

ಹಾಗಾದರೆ ಹಸಿಯದನ್ನು ಬಿಡಬೇಕೇ? ಖಂಡಿತ ಬೇಡ. ಬಾಳೆ ಎಲೆಯ ಮೇಲೆ ಊಟ ಬಡಿಸುವ ಕ್ರಮ ನೆನಪಿಸಿಕೊಳ್ಳಿ. ಅನ್ನ ಬರುವ ಮೊದಲೇ ಎಲೆಯ ಮೇಲ್ಭಾಗದಲ್ಲಿ ಕೋಸಂಬರಿ ಬಂದು ಕೂತಿರುತ್ತದೆ. ಮೊದಲ ತುತ್ತೇ ಹಸಿಯದು, ಆದರೆ ಒಂದು ಹಿಡಿ ಮಾತ್ರ, ಬೆಂದ ಊಟದ ಜೊತೆಗೆ. ನನ್ನ ಇಡೀ ಉತ್ತರ ಆ ಹಿಡಿಯಲ್ಲೇ ಇದೆ. ಜೊತೆಗೆ ಎಣ್ಣೆಯ ಒಗ್ಗರಣೆ, ತೆಂಗಿನತುರಿ. ಕ್ಯಾರೆಟ್ಟಿನ ಬಣ್ಣದ ಸತ್ವ ಮೈಗೆ ಹತ್ತಬೇಕಾದರೆ ಕೊಬ್ಬಿನಂಶ ಬೇಕು, ಬರೀ ರಸ ಕುಡಿದರೆ ಅರ್ಧ ನಷ್ಟ. ದಿನಕ್ಕೆ ತರಕಾರಿ ಮತ್ತು ಹಣ್ಣು ಸೇರಿ ಕನಿಷ್ಠ 500 ಗ್ರಾಮ್ ಇರಲಿ ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಅದರಲ್ಲಿ ಎಷ್ಟು ಹಸಿ, ಎಷ್ಟು ಬೆಂದದ್ದು ಎಂಬುದನ್ನು ಋತು ಹೇಳುತ್ತದೆ.

ಬೇಸಿಗೆಯೇ ಹಸಿಯದರ ಸುಗ್ಗಿ. ನೀವು ಆರಿಸಿದ ದಿನಗಳೂ ಚೆನ್ನಾಗಿವೆ, ಪಾಡ್ಯದಂದು ಬೇವು ಬೆಲ್ಲದಿಂದ ಶುರುವಾಗಿ ಒಂಬತ್ತನೆಯ ದಿನಕ್ಕೆ ರಾಮನವಮಿ: ಕೋಸಂಬರಿ, ಪಾನಕ, ನೀರುಮಜ್ಜಿಗೆ. ಎಳೆ ಸೌತೆ, ಕಲ್ಲಂಗಡಿ, ಕರಬೂಜ, ತಾಟಿನಿಂಗು, ಮಾವಿನಕಾಯಿ ತುರಿ. ಬಾಳೆದಿಂಡನ್ನು ಬಿಲ್ಲೆಯಾಗಿ ಹೆಚ್ಚುವಾಗ ಬರುವ ನಾರನ್ನು ಬೆರಳಿಗೆ ಸುತ್ತಿ ತೆಗೆದು, ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕಿ, ಆಮೇಲೆ ಸಣ್ಣಗೆ ಕೊಚ್ಚಿ ಮೊಸರಿಗೆ ಬೆರೆಸಿದರೆ ಎಷ್ಟು ತಿಂದರೂ ಸಾಲದು. ನಮ್ಮ ಕಡೆ ಒಂದೆಲಗದ ತಂಬುಳಿ: ಎರಡು ಹಿಡಿ ಎಲೆಯನ್ನು ಚೆನ್ನಾಗಿ ತೊಳೆದು ಹಸಿಯಾಗಿಯೇ ತೆಂಗಿನತುರಿ, ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ರುಬ್ಬಿ ಮಜ್ಜಿಗೆಗೆ ಕಲಸಿ, ತುಪ್ಪದಲ್ಲಿ ಸಾಸಿವೆ ಮೆಣಸಿನಕಾಯಿ ಒಗ್ಗರಣೆ. ಬಿಸಿ ಅನ್ನ, ತಣ್ಣನೆಯ ತಂಬುಳಿ.

ಮಳೆಗಾಲದಲ್ಲಿ ಇದೇ ಅಜ್ಜಿ ಹಸಿ ಸೊಪ್ಪನ್ನು ಒಳಗೆ ಬಿಡುತ್ತಿರಲಿಲ್ಲ. ದೊಡ್ಡಪತ್ರೆಯನ್ನು ತುಪ್ಪದಲ್ಲಿ ಬಾಡಿಸಿಯೇ ತಂಬುಳಿ. ಕೆಸುವನ್ನು ಹುಳಿ ಹಾಕಿ ಬೇಯಿಸಿಯೇ ಪತ್ರೊಡೆ, ಇಲ್ಲದಿದ್ದರೆ ಗಂಟಲು ಕೆರೆತ. ಕಳಲೆಯನ್ನು ದಿನವೂ ನೀರು ಬದಲಿಸಿ ನೆನೆಸಿ ಬೇಯಿಸದಿದ್ದರೆ ಸಯನೈಡಿನ ಅಂಶ ಹಾಗೇ ಉಳಿಯುತ್ತದೆ. ಚಾತುರ್ಮಾಸ್ಯ ಹಿಡಿಯುವ ಮನೆಗಳಲ್ಲಿ ಮೊದಲ ತಿಂಗಳು ಶಾಕವ್ರತ, ತರಕಾರಿಯೇ ಇಲ್ಲ. ಅದು ವ್ರತ, ವೈದ್ಯವಲ್ಲ. ಆದರೂ ಕೆಸರು ನೀರು ಹರಿದ ಗದ್ದೆಯಂಚಿನ ಸೊಪ್ಪನ್ನು ಆ ತಿಂಗಳು ಹಸಿಯಾಗಿ ತಿನ್ನದಿರುವುದು ನಷ್ಟವೇನಲ್ಲ. ಆಷಾಢದಲ್ಲಿ ಈ ಪ್ರಶ್ನೆ ಕೇಳಿದ್ದರೆ ಒಂದೇ ಸಾಲಿನ ಉತ್ತರ ಬರೆದು ಮುಗಿಸುತ್ತಿದ್ದೆ.

ಚಳಿಗಾಲದ ಹಸಿ ಊಟ ನೋಡಬೇಕಾದರೆ ಉತ್ತರ ಕರ್ನಾಟಕದ ಖಾನಾವಳಿಗೆ ಹೋಗಬೇಕು. ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಗಜ್ಜರಿ, ಸಿಕ್ಕರೆ ಹಕ್ಕರಕಿ ಸೊಪ್ಪು. ಮೇಲೆ ಗುರೆಳ್ಳು ಪುಡಿ, ಎಣ್ಣೆ. ನಾವು ದಕ್ಷಿಣದವರು ಮೆಂತ್ಯವನ್ನು ಬೇಯಿಸಿಯೇ ತಿನ್ನಬೇಕೆಂದು ತಿಳಿದವರು. ವಿಜಯಪುರದಲ್ಲಿ ಮೊದಲ ಸಲ ಎಲೆ ಬಿಡಿಸಿ ಹಾಗೇ ಬಾಯಿಗೆ ಹಾಕಿಕೊಂಡಾಗ ನಾಚಿಕೆಯಾಯಿತು. ಕಾರ್ತಿಕದ ನೆಲ್ಲಿಕಾಯಿ, ಸಂಕ್ರಾಂತಿಯ ಹೊತ್ತಿನ ಹಸಿ ಕಡಲೆಯೂ ಹೀಗೆಯೇ. ಅವರೆಯನ್ನು ಮಾತ್ರ ಈ ಸಾಲಿಗೆ ಸೇರಿಸಬೇಡಿ, ಹಸಿಯಾಗಿ ತಿಂದರೆ ವಿಷಕಾರಿ. ರಾಜ್ಮಾ, ಮರಗೆಣಸು ಕೂಡ ಬೇಯಿಸಿಯೇ.

ಇನ್ನು ಒಲೆಯಿಲ್ಲದ ನಿಮ್ಮ ಕೋಣೆಗೆ. ಒಂದು ಚಾಕು, ತುರಿಮಣೆ, ಮುಚ್ಚಳದ ಡಬ್ಬಿ ಸಾಕು. ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮೊದಲು ಎರಡು ಹಿಡಿ ಹೆಸರುಬೇಳೆಯನ್ನು ತೊಳೆದು ಕುಡಿಯುವ ನೀರಿನಲ್ಲಿ ನೆನೆಹಾಕಿ. ಮುಕ್ಕಾಲು ಗಂಟೆಯಲ್ಲಿ ಉಗುರಿನಿಂದ ಮುರಿಯುವಷ್ಟು ಮೆತ್ತಗಾಗುತ್ತದೆ. ನೀರು ಬಸಿದು ಸೌತೆ ಹೆಚ್ಚಿ ಹಾಕಿ, ತೆಂಗಿನತುರಿ, ನಿಂಬೆರಸ. ಒಗ್ಗರಣೆ ಇಲ್ಲದಿದ್ದರೂ ನಡೆಯುತ್ತದೆ. ಉಪ್ಪನ್ನು ತಿನ್ನುವ ಕ್ಷಣದಲ್ಲಿ ಹಾಕಿ, ಮೊದಲೇ ಹಾಕಿದರೆ ಸೌತೆ ನೀರು ಬಿಟ್ಟು ಡಬ್ಬಿ ಕೆರೆಯಾಗುತ್ತದೆ. ಮೊಳಕೆ ಕಾಳಿನ ಬಗ್ಗೆ ಎಚ್ಚರ: ಮೊಳಕೆ ಬರಿಸುವ ಬಿಸಿ ಮತ್ತು ತೇವ ರೋಗಾಣುಗಳಿಗೂ ಹಿತ. ಹಬೆಯಲ್ಲಿ ಬೇಯಿಸಲು ಆಗದಿದ್ದರೆ ಬೇಸಿಗೆಯಲ್ಲಿ ಬಿಟ್ಟುಬಿಡಿ. ರಸ್ತೆ ಬದಿಯಲ್ಲಿ ಹೆಚ್ಚಿಟ್ಟ ಹಣ್ಣು ಬೇಡ, ಇಡೀ ಹಣ್ಣು ಕೊಳ್ಳಿ. ಈ ಕೋಸಂಬರಿ ತಿಂದು ಪಿಜಿಯ ಅನ್ನ ಸಾರಿಗೆ ಹೋಗಿ ಕೂತರೆ ಎರಡನೆಯ ಸಲ ಅನ್ನ ಬಡಿಸಿಕೊಳ್ಳುವ ಮನಸ್ಸು ತಾನಾಗಿ ಕಡಿಮೆಯಾಗುತ್ತದೆ. ಹೊಟ್ಟೆ ಭಾರಕ್ಕೆ ನನಗೆ ಕೆಲಸಕ್ಕೆ ಬಂದದ್ದು ಇದು, ಮತ್ತೆ ರಾತ್ರಿ ಊಟವನ್ನು ಹತ್ತು ಗಂಟೆಯಿಂದ ಎಂಟಕ್ಕೆ ತಂದದ್ದು. ನಾರು ಒಮ್ಮೆಲೇ ಹೆಚ್ಚಾದರೆ ಮೊದಲ ವಾರ ಹೊಟ್ಟೆ ಉಬ್ಬರಿಸಬಹುದು. ಆದ್ದರಿಂದ ಒಂದು ಹಿಡಿಯಿಂದ ಶುರು ಮಾಡಿ.

ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾಗಿದ್ದರೆ ಅಥವಾ ಮೂತ್ರಪಿಂಡದ ತೊಂದರೆಯಿದ್ದರೆ ಊಟದಲ್ಲಿ ಇಷ್ಟು ಬದಲಾವಣೆ ಮಾಡುವ ಮೊದಲೂ ವೈದ್ಯರನ್ನು ಕೇಳಿ. ಹೊಟ್ಟೆ ಭಾರ ತಿಂಗಳುಗಟ್ಟಲೆ ಇದ್ದರೂ ಅಷ್ಟೇ.

ನಮ್ಮ ರಸದ ಯಂತ್ರ ಅಟ್ಟದ ಮೇಲಿದೆ. ರಾಮನವಮಿಗೆ ಕಲ್ಲಂಗಡಿ ರಸಕ್ಕೆ ಒಮ್ಮೆ ಇಳಿಸುತ್ತೇವೆ, ಅದಕ್ಕೂ ಮೊದಲು ಒಂದು ಹೋಳು ತಿಂದು ನೋಡುತ್ತೇನೆ. ಕಲ್ಲಂಗಡಿ ಕಹಿಯಾದದ್ದನ್ನು ಇದುವರೆಗೆ ಕಂಡಿಲ್ಲ, ಆದರೂ.