8 ಜಿಬಿ ಹಾಕಿದರೂ ವಿಂಡೋಸ್‌ಗೆ 3.45 ಜಿಬಿ ಮಾತ್ರ ಸಿಗುತ್ತಿದೆ. ರ್‍ಯಾಮ್ ಕೆಟ್ಟಿದೆಯಾ?

ಅಂಗಡಿಯವರು ರ್‍ಯಾಮ್ ಕೆಟ್ಟಿದೆ ಅಂದರು ಅಂತ ಬರೆದಿದ್ದೀರಿ. ದಯವಿಟ್ಟು ಈಗಲೇ ಹೊಸದು ಕೊಳ್ಳಬೇಡಿ. ನಿಮ್ಮ ಡಿಟಿಪಿ ಕಂಪ್ಯೂಟರ್‌ನಲ್ಲಿ '8.00 ಜಿಬಿ, ಬಳಸಲು 3.45 ಜಿಬಿ' ಅಂತ ಬರುತ್ತಿದೆ ಅಲ್ವಾ? 8 ಅಂತ ಕಾಣಿಸುತ್ತಿದೆ ಅಂದರೆ ನೀವು ಹಾಕಿದ ಎರಡೂ 4 ಜಿಬಿ ಸ್ಟಿಕ್ ಮದರ್‌ಬೋರ್ಡಿಗೆ ಸಿಕ್ಕಿವೆ. ತೊಂದರೆ ಇರುವುದು ಅದರ ಮುಂದೆ.

ಆ ಸಂಖ್ಯೆ ತೋರಿಸುವ ವಿಂಡೋಸ್ 'ಸಿಸ್ಟಮ್' ಪುಟದಲ್ಲೇ 'ಸಿಸ್ಟಮ್ ಟೈಪ್' ಓದಿ. 32-ಬಿಟ್ ಅಂತ ಇದ್ದರೆ ಕಾರಣ ಸಿಕ್ಕಿತು. 32 ಬಿಟ್‌ನಲ್ಲಿ ಆಗುವ ಮೆಮೊರಿ ವಿಳಾಸಗಳು ಸುಮಾರು 429 ಕೋಟಿ. ಒಂದು ವಿಳಾಸಕ್ಕೆ ಒಂದು ಬೈಟ್, ಒಟ್ಟು 4 ಜಿಬಿ. ಅದರಲ್ಲೂ ಗ್ರಾಫಿಕ್ಸ್ ಮತ್ತು ಬೇರೆ ಸಾಧನಗಳು ತಮ್ಮ ಪಾಲು ಹಿಡಿದುಕೊಳ್ಳುತ್ತವೆ. ನಿಮಗೆ ಉಳಿಯುವುದು ಮೂರು, ಮೂರೂವರೆ ಜಿಬಿ. ಇನ್ನೆಷ್ಟು ರ್‍ಯಾಮ್ ಹಾಕಿದರೂ ದುಡ್ಡು ದಂಡ. ಅಲ್ಲೇ 'ಎಕ್ಸ್64 ಪ್ರೊಸೆಸರ್' ಅಂತಲೂ ಇದ್ದರೆ 64-ಬಿಟ್ ವಿಂಡೋಸ್ ಹಾಕಿಸಿ. ಇದು ಅಪ್‌ಗ್ರೇಡ್‌ನಲ್ಲಿ ಆಗುವುದಿಲ್ಲ, ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ಹಾಗಾಗಿ ನುಡಿ ಫೈಲುಗಳು, ಟ್ಯಾಲಿ ಡೇಟಾ ಎಲ್ಲವನ್ನೂ ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿ.

ಈಗಾಗಲೇ 64-ಬಿಟ್ ಇದೆಯಾ? ಎಂಎಸ್‌ಕಾನ್ಫಿಗ್ (ವಿಂಡೋಸ್ ಶುರುವಾಗುವ ರೀತಿ ಬದಲಿಸುವ ಟೂಲ್) ತೆರೆದು, ಬೂಟ್, ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ. 'ಮ್ಯಾಕ್ಸಿಮಮ್ ಮೆಮೊರಿ' ಮುಂದೆ ಟಿಕ್ ಇದ್ದರೆ ತೆಗೆದು ರೀಸ್ಟಾರ್ಟ್ ಮಾಡಿ. ಹಳೆಯ ಬೋರ್ಡ್ ಆದರೆ, ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯೋಸ್‌ನಲ್ಲಿ 'ಮೆಮೊರಿ ರೀಮ್ಯಾಪ್' (ಸಾಧನಗಳು ಹಿಡಿದ ಜಾಗದ ಮೆಮೊರಿಗೆ 4 ಜಿಬಿ ಮೇಲೆ ವಿಳಾಸ ಕೊಡುವುದು) ಆನ್ ಇರಬೇಕು.

ಬಯೋಸ್‌ನಲ್ಲೇ 4 ಜಿಬಿ ತೋರಿಸಿದರೆ ಮಾತ್ರ ಕ್ಯಾಬಿನೆಟ್ ಬಿಚ್ಚಿ. ನಾನು ಬಳ್ಳಾರಿಯಲ್ಲಿ ರಿಪೇರಿ ಮಾಡುವವನು. ಒಂದು ಜೀನ್ಸ್ ಹೊಲಿಯುವ ಘಟಕದ ಎಂಬ್ರಾಯ್ಡರಿ ಕಂಪ್ಯೂಟರ್‌ಗೆ ಇದೇ ಆಗಿತ್ತು. ರಸ್ತೆ ಪಕ್ಕದ ಕೋಣೆ, ಕಿಟಕಿ ಸದಾ ತೆರೆದೇ ಇರುತ್ತಿತ್ತು. ಎರಡನೇ ಸ್ಲಾಟ್ ತುಂಬ ಕೆಂಪು ಧೂಳು, ಜೊತೆಗೆ ಬಟ್ಟೆಯ ನಾರು. ಪ್ಲಗ್ ತೆಗೆದು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದೆ. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಂಡೆ. ಸ್ಲಾಟ್‌ಗೆ ಒಣ ಬ್ರಷ್ ಹಾಕಿದೆ, ಸ್ಟಿಕ್‌ನ ಹಳದಿ ಪಟ್ಟಿಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಒರೆಸಿದೆ. ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿದ ಮೇಲೆ ಪೂರ್ತಿ 8 ಬಂತು. ಆ ಮಾಲೀಕರು ಅಷ್ಟರಲ್ಲಿ ಹೊಸ ರ್‍ಯಾಮ್‌ಗೆ ಆರ್ಡರ್ ಕೊಟ್ಟುಬಿಟ್ಟಿದ್ದರು. ನಿಮಗೂ ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆದೆ.

ಹೀಗೆ ಮಾಡಿದರೂ ಬರದಿದ್ದರೆ ಒಂದೊಂದೇ ಸ್ಟಿಕ್ಕನ್ನು ಒಂದೇ ಸ್ಲಾಟ್‌ನಲ್ಲಿ ಹಾಕಿ ನೋಡಿ. ಎರಡೂ ಓಡಿದರೆ ಸ್ಟಿಕ್ ಸರಿ ಇದೆ, ಇನ್ನೊಂದು ಸ್ಲಾಟ್ ಅಥವಾ ಪ್ರೊಸೆಸರ್ ಸಾಕೆಟ್‌ನ ಬಾಗಿದ ಪಿನ್ ಅನುಮಾನಿಸಬೇಕು. ಮೊದಲು 'ಸಿಸ್ಟಮ್ ಟೈಪ್' ಮುಂದೆ ಏನಿದೆ ಅಂತ ಬರೆಯಿರಿ.