ಲಾಮಾ ಮನುಷ್ಯರ ಮೇಲೆ ಯಾಕೆ ಉಗುಳುತ್ತದೆ?

ಲಾಮಾ ಅಂದರೆ ದಕ್ಷಿಣ ಅಮೆರಿಕದ, ಒಂಟೆಯ ಕುಟುಂಬಕ್ಕೆ ಸೇರಿದ ಸಾಕುಪ್ರಾಣಿ. ಹಿಂಡಿನಲ್ಲಿ ಬೆಳೆದ ಲಾಮಾ ಮನುಷ್ಯರ ಮೇಲೆ ಉಗುಳುವುದು ತೀರಾ ಕಡಿಮೆ. ಉಗುಳುವುದು ಅವುಗಳ ಒಳಜಗಳದ ಭಾಷೆ. ಮೇವಿಗೆ ಇನ್ನೊಂದು ಲಾಮಾ ಬಾಯಿ ಹಾಕಿದರೆ, ಬೇಡದ ಗಂಡು ಹತ್ತಿರ ಬಂದರೆ, ‘ದೂರ ಹೋಗು’ ಅನ್ನುವ ರೀತಿ ಅದು. ಮೊದಲು ಕಿವಿ ಹಿಂದಕ್ಕೆ ಮಡಚುತ್ತದೆ, ಗದ್ದ ಮೇಲೆತ್ತುತ್ತದೆ. ಆಗಲೂ ಎದುರಿನದು ಸರಿಯದಿದ್ದರೆ ಹೊಟ್ಟೆಯಿಂದ ಅರೆಬರೆ ಅರಗಿದ ಹಸಿರು ಮೇವನ್ನೇ ಕಕ್ಕಿ ಎರಚುತ್ತದೆ. ಆ ಹುಳಿ ಅದಕ್ಕೂ ಇಷ್ಟವಿಲ್ಲ. ಪಾಪ, ಕೆಳತುಟಿ ಜೋಲುಬಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತದೆ.

ಮತ್ತೆ ಕೆಲವು ನಮ್ಮ ಮೇಲೂ ಉಗುಳುತ್ತವಲ್ಲ? ಹೆಚ್ಚಾಗಿ ತಪ್ಪು ಸಾಕಿದವರದ್ದೇ. ಮರಿಯನ್ನು ಬೇರೆ ಲಾಮಾಗಳಿಂದ ದೂರ ಇಟ್ಟು, ಬಾಟಲಿ ಹಾಲು ಕುಡಿಸಿ, ದಿನವಿಡೀ ಮುದ್ದು ಮಾಡಿದರೆ ಅದು ಮನುಷ್ಯರನ್ನೂ ಲಾಮಾ ಅಂತಲೇ ತಿಳಿಯುತ್ತದೆ. ಬೆಳೆದ ಮೇಲೆ ನಮ್ಮ ಜೊತೆಗೂ ಅದೇ ಜಗಳ! ಗಂಡಾದರೆ ಇನ್ನೂ ಅಪಾಯ. ನಮ್ಮನ್ನು ಎದುರಾಳಿ ಗಂಡು ಅಂದುಕೊಂಡು ಎದೆಯಿಂದ ಗುದ್ದುತ್ತದೆ, ಕಚ್ಚುತ್ತದೆ. 150 ಕಿಲೋ ತೂಗುವ ಪ್ರಾಣಿ ಅದು. ಅದಕ್ಕೇ ಗಂಡು ಮರಿಯನ್ನು ಜಾಸ್ತಿ ಮುದ್ದು ಮಾಡಬೇಡಿ, ಬೇರೆ ಲಾಮಾಗಳ ಜೊತೆಯೇ ಬೆಳೆಯಲು ಬಿಡಿ.

ಪೆರು, ಬೊಲಿವಿಯಾದ ಆಂಡೀಸ್ ಬೆಟ್ಟಗಳಲ್ಲಿ ಸಾವಿರಾರು ವರ್ಷಗಳಿಂದ ಲಾಮಾ ಮೇಲೆ ಹೊರೆ ಸಾಗಿಸುತ್ತಾ ಬಂದಿದ್ದಾರೆ. ಅಲ್ಲಿ ಒಂದರ ಮೇಲೆ ಹೊರಿಸುವುದು ಸುಮಾರು 25–30 ಕಿಲೋ ಅಷ್ಟೇ. ಅತಿಯಾಗಿ ಹೊರಿಸಿದರೆ ಸುಮ್ನೆ ಕೂತುಬಿಡುತ್ತದೆ, ಎಷ್ಟು ಎಳೆದರೂ ಏಳಲ್ಲ. ಬಲವಂತ ಮಾಡಿದರೆ ಮಾತ್ರ ಉಗುಳು ಗ್ಯಾರಂಟಿ.